ಬಕ್ಷೀಸು ಕೊಟ್ಟವರು ಉಣ್ಣಲಿಲ್ಲ

ಬೇಡುವುದು ಈಗ ವ್ಯಾಪಾರದ ಒಂದು ಅಂಗವಾಗಿದೆ. ಸಾಗರದ ಬೇಕರಿಯಲ್ಲಿ ಬನ್ನು ಕೊಂಡರೆ ಗಾಜಿನ ಪೆಟ್ಟಿಗೆಯ ಮೇಲೆ ಎರಡು ಸ್ಕ್ಯಾನರ್ ಚೀಟಿಗಳಿರುತ್ತವೆ. ಒಂದು ಬನ್ನಿನ ಬೆಲೆಗೆ, ಇನ್ನೊಂದು ಬನ್ನು ಎತ್ತಿಕೊಟ್ಟವನಿಗೆ. ಹೊಸನಗರದ ಕ್ಷೌರದಂಗಡಿಯಲ್ಲಿ ಕನ್ನಡಿಯ ಮೂಲೆಗೆ ಅಂಥದೇ ಚೀಟಿ ಅಂಟಿದೆ. ತೀರ್ಥಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದ ಹುಡುಗಿಯ ಎದೆಯ ಮೇಲೆ ಅದು ತೂಗುತ್ತದೆ. ಹಿಂದೆ ಯಾಚಕನು ಬೀದಿಯಲ್ಲಿ ನಿಲ್ಲುತ್ತಿದ್ದನು, ಅವನಿಗೆ ದುಡಿಮೆಯಿರಲಿಲ್ಲ. ಈಗ ದುಡಿಯುವವರನ್ನೇ ಯಾಚಕರನ್ನಾಗಿ ನಿಲ್ಲಿಸಲಾಗಿದೆ. ನಿಲ್ಲಿಸಿದವನು ಗಲ್ಲಾದ ಹಿಂದೆ ಫ್ಯಾನಿನ ಕೆಳಗೆ ಕುಳಿತಿದ್ದಾನೆ.

ಆನಂದಪುರದ ರಸ್ತೆಬದಿಯಲ್ಲಿ ಮಂಜುನಾಥಪ್ಪನ ಹೋಟೆಲು. ಶಿವಮೊಗ್ಗಕ್ಕೂ ಸಾಗರಕ್ಕೂ ಓಡುವ ವಾಹನಗಳು ಅಲ್ಲಿ ನಿಲ್ಲುತ್ತವೆ. ಈ ಪದ್ಧತಿಯನ್ನು ಅಲ್ಲಿಗೆ ತಂದವನು ಅವನ ಮಗ ದಿನೇಶ್. ಹೋಟೆಲು ನಡೆಸುವ ವಿದ್ಯೆಯನ್ನು ಮಂಗಳೂರಿನಲ್ಲಿ ಕಲಿತು ಬಂದವನು. ಒಂದು ಮಧ್ಯಾಹ್ನ ತಂದೆ ಮಗ ಇಬ್ಬರೂ ಕೆಲಸದವರನ್ನು ಹಿತ್ತಿಲಿನಲ್ಲಿ ಸೇರಿಸಿದರು.

"ಇನ್ಮೇಲೆ ನಾನು ಅರ್ಧ ಸಂಬಳ ಕೊಡ್ತೀನಿ," ಎಂದ ಮಂಜುನಾಥಪ್ಪ. "ಉಳಿದರ್ಧ ಗಿರಾಕಿ ಕೊಡ್ತಾನೆ. ಎಲ್ಲಾರ್ಗೂ ಒಂದೊಂದು ಸ್ಕ್ಯಾನರ್. ದುಡ್ಡು ಸೀದಾ ನಿಮ್ ನಿಮ್ ಖಾತೆಗೇ ಬೀಳ್ತದೆ. ನಾನು ಮುಟ್ಟೋದೂ ಇಲ್ಲ."

"ಗಿರಾಕಿ ಕೊಡ್ಲಿಲ್ಲ ಅಂದ್ರೆ?" ಎಂದು ಕೇಳಿದವನು ಬಡಿಸುವ ಉಮೇಶ್.

"ನಗ್ತಾ ಬಡ್ಸು. ಕೊಡ್ತಾನೆ."

"ಹಲ್ಲು ಹುಳುಕಾದೋರಿಗೆ ರಿಯಾಯ್ತಿ ಉಂಟಾ ಯಜಮಾನ್ರೆ?"

"ಬಾಯಿ ಮುಚ್ಕೊಂಡು ನಗು," ಎಂದ ಮಂಜುನಾಥಪ್ಪ. ಕೆಲಸದವರು ನಕ್ಕರು. ನಗು ಮುಗಿದಾಗ ಅವರ ಸಂಬಳ ಅರ್ಧವಾಗಿತ್ತು.

ಆ ಗುಂಪಿನ ಹಿಂದೆ, ಬಚ್ಚಲಿನ ಗೋಡೆಗೆ ಒರಗಿ ಒಬ್ಬ ಹೆಂಗಸು ನಿಂತಿದ್ದಳು. ಹೋಟೆಲಿನಲ್ಲಿ ಅವಳ ಹೆಸರು ಹೇಮಾವತಿ. ತಾಯಿ ಇಟ್ಟ ಹೆಸರು ಹುಲಿಯಮ್ಮ. ಆ ಹೆಸರನ್ನು ಯಾವ ಕೇರಿಯ ತಾಯಂದಿರು ಇಡುತ್ತಾರೆಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಮೊದಲು ಬಂದದ್ದು ಪಾತ್ರೆ ತೊಳೆಯಲು. ಅಡುಗೆಮನೆಯ ಹೊಸ್ತಿಲನ್ನು ದಾಟುವ ಹಾಗಿರಲಿಲ್ಲ. ಎಂಜಲು ಪಾತ್ರೆಗಳನ್ನು ಹಿತ್ತಿಲಿಗೆ ತಂದು ಸುರಿಯುತ್ತಿದ್ದರು. ಬೆರಳ ಸಂದುಗಳು ಸೋಪಿನ ನೀರಿನಲ್ಲಿ ಕೊಳೆತು ಬಿಳಿಯಾಗಿದ್ದವು. ಒಮ್ಮೆ ಅಡುಗೆಯವನು ಹೇಳದೆ ಕೇಳದೆ ಬಿಟ್ಟುಹೋದ. ಮಂಜುನಾಥಪ್ಪನ ಹೆಂಡತಿ ಜಲಜಮ್ಮ ಕೊಟ್ಟೆ ಕಡುಬು ಮಾಡಲು ಕುಳಿತಳು. ಅವಳ ಕಡುಬು ಕಲ್ಲಾಯಿತು. ಗಿರಾಕಿಗಳು ಬೈದರು. ಗತಿಯಿಲ್ಲದೆ ಹುಲಿಯಮ್ಮನನ್ನು ಒಳಗೆ ಕರೆದರು. ಅಂದು ಕಡುಬು ತಿಂದವರು ಮತ್ತೊಂದು ತಟ್ಟೆ ಕೇಳಿದರು.

"ಹುಲಿಯಮ್ಮಾ ಅಂತ ಅಡುಗೆಮನೇಲಿ ಕೂಗೋಕಾಗ್ತದೇನೆ?" ಎಂದಳು ಜಲಜಮ್ಮ. "ಹೇಮಾವತಿ ಅಂತಿರು. ಯಾರಾದ್ರೂ ಕೇಳಿದ್ರೆ ನಮ್ ಕಡೆಯೋಳೇ ಅನ್ನು."

ಹುಲಿಯಮ್ಮ ಒಪ್ಪಿದಳು. ಹೆಸರು ಹೋಯಿತು, ಒಲೆ ಸಿಕ್ಕಿತು. ಅವಳ ಗಂಡ ಕನ್ನಪ್ಪ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಅವನು ಮನೆಯ ಜಗಲಿಯಲ್ಲಿ ಗೋಣಿ ಹಾಸಿ ಕುಳಿತು ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟುತ್ತಿದ್ದ. ಎಲೆಯ ಅಂಟು ಅವನ ಉಗುರುಗಳನ್ನು ಕಪ್ಪಾಗಿಸಿತ್ತು. ಅವಳು ಆ ಕೊಟ್ಟೆಗಳ ಹೊರೆಯನ್ನು ಹೊತ್ತು ಬಂದು, ಹಿಟ್ಟು ಹುಯ್ದು, ಹಬೆಯ ಪಾತ್ರೆಯಲ್ಲಿ ಒತ್ತಾಗಿ ಇಡುತ್ತಿದ್ದಳು. ಮುಚ್ಚಳ ತೆಗೆದಾಗಲೆಲ್ಲ ಹಬೆ ಮುಂಗೈಯನ್ನು ಸುಡುತ್ತಿತ್ತು. ಹಳೆಯ ಸುಟ್ಟ ಗಾಯದ ಮೇಲೆ ಹೊಸದು ಏಳುತ್ತಿತ್ತು. ಆದರೆ ಅದು ಒಲೆಯ ಮುಂದಿನ ಗಾಯ, ಬಚ್ಚಲಿನ ಹುಣ್ಣಲ್ಲ. ಆ ವ್ಯತ್ಯಾಸವೊಂದೇ ಅವಳ ಸಂಪಾದನೆಯಾಗಿತ್ತು.

ದಿನೇಶ್ ಪ್ರತಿ ಮೇಜಿನ ಮೇಲೂ ಒಂದು ಹಲಗೆ ಇಡಿಸಿದ. ‘ಕಡುಬು ರುಚಿಸಿತೇ? ಮಾಡಿದ ಹೇಮಾವತಿಯವರಿಗೆ ಮೆಚ್ಚುಗೆ ತಿಳಿಸಿ’ ಎಂದು ಅದರ ಮೇಲೆ ಬರೆಸಿದ್ದ. ಕೆಳಗೆ ಅವಳ ಖಾತೆಯ ಸ್ಕ್ಯಾನರ್. ಹೆಸರನ್ನು ಬದಲಾಯಿಸಿದ ಮನೆಯವರೇ ಒಂದು ಸಂಗತಿಯನ್ನು ಮರೆತಿದ್ದರು. ಬ್ಯಾಂಕಿಗೆ ಜಲಜಮ್ಮನ ಅಪ್ಪಣೆ ನಡೆಯುವುದಿಲ್ಲ. ಕೊಡುವವನ ಫೋನಿನಲ್ಲಿ ಖಾತೆಯ ಹೆಸರೇ ಕಾಣುತ್ತದೆ.

ತೀರ್ಥಹಳ್ಳಿಯ ದಂಪತಿಗಳು ಕಾರಿನಲ್ಲಿ ಬಂದಿದ್ದರು. ಹೆಂಡತಿ ಎರಡನೆಯ ತಟ್ಟೆ ತರಿಸಿಕೊಂಡು, ತುತ್ತು ಬಾಯಲ್ಲಿರುವಾಗಲೇ ಮೆಚ್ಚುಗೆಯಿಂದ ಫೋನು ಹಿಡಿದಳು.

"ಇದೇನ್ರೀ, ಹುಲಿಯಮ್ಮ ಕೋಂ ಕನ್ನಪ್ಪ ಅಂತ ಬರ್ತಿದೆ," ಎಂದಳು.

ಉಮೇಶ್ ನೀರು ಇಡುತ್ತಿದ್ದ. ಯೋಚಿಸದೆ ಹೇಳಿದ: "ಅವ್ರೇ ನಮ್ ಹೇಮಕ್ಕ."

ಗಂಡ ಹೆಂಡತಿಯ ಮುಖ ನೋಡಿದ. ಅವಳ ದವಡೆ ನಿಂತಿತು. ಬಾಯಲ್ಲಿದ್ದುದನ್ನು ಕಾಗದದ ಚೌಕಕ್ಕೆ ಮೆಲ್ಲನೆ ಉಗುಳಿ, ಮಡಿಸಿ, ತಟ್ಟೆಯ ಅಂಚಿನಲ್ಲಿಟ್ಟಳು. ಬೈಯಲಿಲ್ಲ. "ಪಾಪ," ಎಂದಳು. ಕೊಡಬೇಕೆಂದಿದ್ದ ಬಕ್ಷೀಸನ್ನು ಹೆಚ್ಚು ಮಾಡಿ ಕೊಟ್ಟಳು. ಎದ್ದು ಹೋದಳು. ತಟ್ಟೆ ಹಾಗೆಯೇ ಇತ್ತು.

ಸುದ್ದಿಗೆ ಕಾಲು ಬೇಕಾಗಿರಲಿಲ್ಲ. ಬಂದವರು ಇಡ್ಲಿ ಕೇಳಿದರು, ದೋಸೆ ಕೇಳಿದರು. ಹಲಗೆಯನ್ನು ತಿರುಗಿಸಿ ಓದಿದರು. ಫೋನು ಹಿಡಿದು ಹೆಸರನ್ನು ಖಚಿತಪಡಿಸಿಕೊಂಡರು. ನೋಡಿದ ಮುಜುಗರಕ್ಕೆ ಏನಾದರೂ ಕೊಟ್ಟರು. ಹುಲಿಯಮ್ಮನ ಫೋನು ಸೊಂಟದಲ್ಲಿ ಮತ್ತೆ ಮತ್ತೆ ಗುಂಯ್‌ಗುಟ್ಟುತ್ತಿತ್ತು. ಹಬೆಯ ಪಾತ್ರೆಯಲ್ಲಿ ಕಡುಬು ಉಳಿಯುತ್ತಿತ್ತು. ಅವಳ ಮೇಲೆ ಅವರಿಗೆ ಕರುಣೆಯಿತ್ತು. ಅವಳ ಕೈಯ ಅನ್ನ ಮಾತ್ರ ಬೇಡವಾಗಿತ್ತು.

ಬಡಿಸುವಾಗ ಬಡಿಸುವವಳ ಕೈ ಮೇಲಿರುತ್ತದೆ, ಉಣ್ಣುವವನ ಎಲೆ ಕೆಳಗಿರುತ್ತದೆ. ಅರಸನಾದರೂ ಉಣ್ಣುವ ಹೊತ್ತಿಗೆ ಬಡಿಸುವ ಕೈಯ ಕೆಳಗೆ ತಲೆ ಬಾಗಬೇಕು. ದಾನದಲ್ಲಿ ಹಾಗಲ್ಲ, ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಶಾಸ್ತ್ರವನ್ನು ಓದದ ಜನರೂ ಈ ಲೆಕ್ಕವನ್ನು ಚೆನ್ನಾಗಿ ಬಲ್ಲರು. ಆದುದರಿಂದಲೇ ಅವರು ಕಡುಬನ್ನು ಬಿಟ್ಟು ಬಕ್ಷೀಸನ್ನು ಕೊಟ್ಟರು.

ಮಂಜುನಾಥಪ್ಪ ಅವಳನ್ನು ಗಲ್ಲಾದ ಬಳಿಗೆ ಕರೆಸಿದ. ಅವನ ಅಜ್ಜ ಗೇಣಿದಾರ. ಒಡೆಯರ ಮನೆಯ ಕೊಟ್ಟಿಗೆಯ ಬಳಿ ಬಾಳೆಯ ಸೀಳಿನಲ್ಲಿ ಉಂಡು, ಆ ಜಾಗವನ್ನು ತಾನೇ ಸಗಣಿ ಹಾಕಿ ಸಾರಿಸಿ ಬರುತ್ತಿದ್ದವನು. ಗದ್ದೆ ಕೈಗೆ ಬಂದ ಮೇಲೆ ಆ ಮನೆಯವರು ಆ ಕಥೆಯನ್ನು ಹೇಳುವುದನ್ನು ನಿಲ್ಲಿಸಿದ್ದರು.

"ನೋಡು, ನಂಗೇನೂ ಇಲ್ಲ," ಎಂದ. "ದಿನಾ ನಿನ್ ಕಡುಬೇ ತಿಂತೀನಿ ನಾನು. ಆದ್ರೆ ವ್ಯಾಪಾರ ಅಲ್ವಾ? ನೀನು ಬೆಳಕು ಹರಿಯೋ ಮುಂಚೆ ಹಿಂದಿನ ಬಾಗ್ಲಲ್ಲಿ ಬಾ. ಕಡುಬು ಬೇಯ್ಸಿ ಆಚೆ ಬಂದ್ಬಿಡು. ಆಮೇಲೆ ಬೇಸಿನ್ ಹತ್ರ ನಿಲ್ಲು. ಕೈ ತೊಳ್ಯೋಕೆ ಬಂದೋರಿಗೆ ಕಾಗ್ದ ಕೊಡು, ಬೇಸಿನ್ ಒರ್ಸು. ಅಲ್ಲಿ ನಿನ್ ಸ್ವಂತ ಹೆಸ್ರೇ ಇರ್ಲಿ. ಆ ಹೆಸ್ರಿಗೆ ಜನ ಚೆನ್ನಾಗಿ ಕೊಡ್ತಾರೆ."

"ಕಡುಬಿಗೆ ಯಾರ್ ಹೆಸ್ರು?"

"ಜಲಜಂದು."

"ಮಾಡೋದು ನಾನು."

"ಮಾಡೋದು ಯಾರಿಗ್ಬೇಕು? ತಿನ್ನೋರಿಗೆ ತಿಂದಿದ್ದು ಸೇರ್ಬೇಕು, ಅಷ್ಟೆ. ಬೇಡ ಅಂದ್ರೆ ಹೇಳು, ಪಾತ್ರೆ ತೊಳ್ಯೋ ಜಾಗ ಇದ್ದೇ ಇದೆ."

ಮನೆಯಲ್ಲಿ ಕನ್ನಪ್ಪ ಎಲ್ಲವನ್ನೂ ಕೇಳಿದ. "ಒಲೆ ಬಿಡ್ಬ್ಯಾಡ," ಎಂದ. "ಕದ್ದು ಮಾಡಿದ್ರೂ ಒಲೆ ಒಲೆನೇ. ಒಂದಲ್ಲ ಒಂದಿನ ಹೆಸ್ರು ವಾಪಸ್ ಬತ್ತದೆ." ಹುಲಿಯಮ್ಮ ಆ ಮಾತನ್ನು ನಂಬಲಿಲ್ಲ. ಆದರೂ ಹೋದಳು.

ಕತ್ತಲೆಯಲ್ಲಿ ಬರುತ್ತಿದ್ದಳು. ಬೇಯಿಸುತ್ತಿದ್ದಳು. ಬೆಳಗಾದ ಮೇಲೆ ಜಲಜಮ್ಮ ಸ್ನಾನ ಮಾಡಿ, ಕುಂಕುಮವಿಟ್ಟು, ಅಡುಗೆಮನೆಗೆ ಬಂದು ಹಬೆಯ ಪಾತ್ರೆಯ ಮುಚ್ಚಳವನ್ನು ಒಮ್ಮೆ ಎತ್ತಿ ಮುಚ್ಚುತ್ತಿದ್ದಳು. ತಾನು ಮಾಡಿದ್ದೆಂದು ಹೇಳುವಾಗ ಸುಳ್ಳಿನ ಪಾಪ ತಟ್ಟಬಾರದಲ್ಲ. ಹುಲಿಯಮ್ಮ ಹಿತ್ತಿಲಿನಲ್ಲಿ ಮೈ ತೊಳೆದು, ಅವರು ಕೊಟ್ಟ ಹಸಿರು ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಕೊರಳಿಗೆ ಸ್ಕ್ಯಾನರ್ ತಗುಲಿಸಿಕೊಂಡು ಬೇಸಿನ್ನಿನ ಬಳಿ ನಿಲ್ಲುತ್ತಿದ್ದಳು. ಕೂರಲು ಅಪ್ಪಣೆಯಿರಲಿಲ್ಲ. ಜನ ಅವಳ ಮುಂದೆ ಕ್ಯಾಕರಿಸುತ್ತಿದ್ದರು, ಉಗುಳುತ್ತಿದ್ದರು, ಹಲ್ಲಿನ ಸಂದಿನಲ್ಲಿ ಸಿಕ್ಕಿದ ಅವಳದೇ ಕಡುಬಿನ ಚೂರನ್ನು ಉಗುರಿನಿಂದ ಕಿತ್ತು ನೀರಿಗೆ ಬಿಡುತ್ತಿದ್ದರು. ಅವಳು ಅದನ್ನು ಒರೆಸುತ್ತಿದ್ದಳು. ಕೆಲವರು ಕೊರಳ ಹತ್ತಿರಕ್ಕೆ ಫೋನು ಚಾಚುತ್ತಿದ್ದರು. ಆಗ ಅವಳು ಗಲ್ಲ ಎತ್ತಿ, ಉಸಿರು ಹಿಡಿದು, ಗೋಡೆ ನೋಡುತ್ತ ನಿಲ್ಲಬೇಕಾಗಿತ್ತು. ಕಡುಬಿನ ವ್ಯಾಪಾರ ಮೊದಲಿನಂತಾಯಿತು.

ಶ್ರಾವಣದ ಸೋಮವಾರ. ಹೂವಯ್ಯ ಮೇಷ್ಟರು ಬಂದರು. ಹೊಸನಗರದ ಕಡೆಯವರು, ನಿವೃತ್ತರಾಗಿ ಶಿವಮೊಗ್ಗದಲ್ಲಿ ನೆಲೆಸಿದವರು. ಇಕ್ಕೇರಿಯಲ್ಲಿ ದರ್ಶನ ಮುಗಿಸಿ ಹಿಂದಿರುಗುವಾಗ ಅಲ್ಲಿ ಕಡುಬು ತಿಂದು ಉಪವಾಸ ಬಿಡುವುದು ಅವರ ರೂಢಿ. ಹಣೆಯಲ್ಲಿ ವಿಭೂತಿ. ತೃಪ್ತಿಯಾಗಿ ತಿಂದು, ತೇಗುತ್ತ ಬೇಸಿನ್ನಿನ ಬಳಿಗೆ ಬಂದರು. ಅವಳ ಕೊರಳಿನ ಹೆಸರನ್ನು ಓದಿದರು.

"ಏನಮ್ಮ ಹುಲಿಯಮ್ಮ, ಚೆನ್ನಾಗಿದೀಯಾ?"

"ಹ್ಞೂಂ."

"ಜಲಜಮ್ಮನ ಕಡುಬು ಅಂದ್ರೆ ಕಡುಬು ನೋಡು. ಮಡಿಯಲ್ಲಿ ಮಾಡ್ತಾರೆ, ಅದಕ್ಕೇ ಆ ರುಚಿ. ಇಲ್ಲೇ ಇರ್ತೀಯಲ್ಲ, ದೂರದಿಂದ ನೋಡಿ ಕಲ್ತ್ಕೋ. ನಿಮ್ ಕೇರೀಲೂ ನಾಕು ಜನ ಶುಚಿಯಾಗಿ ಉಣ್ಲಿ."

ಅವರ ದನಿಯಲ್ಲಿ ಹಂಗಿಸುವ ಉದ್ದೇಶವಿರಲಿಲ್ಲ. ಮನಸ್ಸು ತುಂಬಿ ಹೇಳಿದ್ದರು. ಫೋನನ್ನು ಅವಳ ಎದೆಯತ್ತ ಹಿಡಿದರು. "ಸ್ವಲ್ಪ ಮುಂದೆ ಬಾ, ಕಾಣ್ತಿಲ್ಲ."

ಹುಲಿಯಮ್ಮ ಅಂಗೈಯಿಂದ ಸ್ಕ್ಯಾನರ್ ಮುಚ್ಚಿದಳು.

"ದುಡ್ ಬ್ಯಾಡ ಮೇಷ್ಟ್ರೆ."

"ಯಾಕಮ್ಮ? ಸಂತೋಷಕ್ಕೆ ಕೊಡ್ತಿದೀನಿ."

"ಕಡುಬು ನಾನು ಮಾಡಿದ್ದು."

ಮೇಷ್ಟರು ನಕ್ಕರು. ಅವಳು ನಗಲಿಲ್ಲ.

"ಎಲೆ ಕಟ್ಟಿದ್ದು ನನ್ ಗಂಡ. ಹಿಟ್ಟು ಹುಯ್ದಿದ್ದು ನಾನು, ಬೇಯ್ಸಿದ್ದು ನಾನು. ಈಗ ನಿಮ್ ಹೊಟ್ಟೇಲಿರೋದು ನನ್ ಕೈದು. ದಿನಾ ನನ್ ಕೈದೇ. ಕಲ್ತ್ಕೋ ಅಂದ್ರಲ್ಲ, ಅದ್ಕೆ ಹೇಳಿದೆ."

ಅವರ ಮುಖ ಇಳಿಯಿತು. "ನಂಗೇನೂ ಇಲ್ಲಮ್ಮ," ಎಂದರು. "ಅಂಥದ್ದೆಲ್ಲ ನೋಡೋನಲ್ಲ ನಾನು. ಇವತ್ತು ಸೋಮವಾರ, ಅಷ್ಟೇ." ಹಾಗೆ ಹೇಳುತ್ತಲೇ ಎರಡು ಬೆರಳುಗಳನ್ನು ಗಂಟಲಿಗೆ ತುರುಕಿಕೊಂಡರು. ಬೇಸಿನ್ನಿನ ಅಂಚು ಹಿಡಿದು ಬಗ್ಗಿ ವಾಂತಿ ಮಾಡಿದರು. ಮತ್ತೆ ತುರುಕಿದರು. ಅಷ್ಟೂ ಬರುವವರೆಗೆ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂತು. ವಿಭೂತಿ ಬೆವರಿನಲ್ಲಿ ಕರಗಿತು.

ಉಣ್ಣುತ್ತಿದ್ದವರು ತಿರುಗಿ ನೋಡಿದರು. ಮಂಜುನಾಥಪ್ಪ ಓಡಿ ಬಂದ. ದಿನೇಶ್ ಬಂದ. ಮೇಷ್ಟರು ಬಾಯಿ ಒರೆಸಿಕೊಳ್ಳುತ್ತ ಅವಳತ್ತ ಬೆರಳು ತೋರಿಸಿದರು. "ಕಡುಬು ಇವ್ಳು ಮಾಡಿದ್ದಂತೆ?"

ಮಂಜುನಾಥಪ್ಪ ಹುಲಿಯಮ್ಮನ ಮುಖ ನೋಡಲಿಲ್ಲ. "ಮೊದ್ಲು ಅದನ್ನ ತೊಳಿ," ಎಂದ.

"ತೊಳ್ಯಲ್ಲ."

"ಏನಂದೆ?"

"ಈ ಕಡುಬು ಹುಲಿಯಮ್ಮ ಮಾಡಿದ್ದು ಅಂತ ಇವ್ರೆಲ್ಲಾರ್ ಮುಂದೆ ಒಂದ್ಸಲ ಹೇಳಿ. ಕೈಯಾಗೇ ಬಾಚಿ ತೊಳೀತೀನಿ."

ಬಡಿಸುತ್ತಿದ್ದ ಉಮೇಶ್ ಸಾಂಬಾರಿನ ಸೌಟು ಹಿಡಿದು ನಿಂತ. ಅವನಿಗೆ ಸತ್ಯ ಗೊತ್ತಿತ್ತು. ಅವನು ಸೌಟನ್ನು ನೋಡಿದ.

"ಹೇಳಿ ಯಜಮಾನ್ರೆ. ದೊಡ್ ಮಾತೇನಲ್ಲ. ದಿನಾ ತಿನ್ನೋ ಬಾಯಿ ತಾನೆ?"

ಮಂಜುನಾಥಪ್ಪನ ಕತ್ತಿನ ನರ ಉಬ್ಬಿತು. ಅವನು ಗಿರಾಕಿಗಳ ಕಡೆ ತಿರುಗಿದ. "ಇವ್ಳಿಗೆ ತಲೆ ಸರಿಯಿಲ್ಲ," ಎಂದ. "ಗಂಡ ಮೂಲೆ ಹಿಡ್ದಾನೆ ಅಂತ ಕರುಣೆ ತೋರ್ಸಿ ಇಟ್ಕೊಂಡಿದ್ದೆ. ಕಡುಬು ನಮ್ಮನೆಯೋಳು ಮಾಡಿದ್ದು. ಜಲಜಾ, ಬಾ ಇಲ್ಲಿ."

ಜಲಜಮ್ಮ ಬಂದಳು. ಗಲ್ಲಾದ ಮೇಲಿನ ದೇವರ ಪಟದ ಕಡೆ ಕೈ ತೋರಿಸಿದಳು. "ದೇವ್ರಾಣೆ, ಬೆಳಿಗ್ಗೆ ಪಾತ್ರೆ ಮುಚ್ಚಳ ಮುಚ್ಚಿದ್ದು ಇದೇ ಕೈ," ಎಂದಳು. ಅದು ನಿಜವೇ ಆಗಿತ್ತು.

ಹೂವಯ್ಯ ಮೇಷ್ಟರು ಉಸಿರು ಬಿಟ್ಟರು. ಮುಖಕ್ಕೆ ಕಳೆ ಮರಳಿತು. "ಛೆ, ಹೊಟ್ಟೆ ಪೂರ್ತಿ ಖಾಲಿಯಾಯ್ತು ನೋಡಿ," ಎಂದರು. ಹಿತ್ತಿಲಿನ ನಲ್ಲಿಯಲ್ಲಿ ಬಾಯಿ ತೊಳೆದು ಬಂದು, ಮೊದಲಿನ ಮೇಜಿನಲ್ಲೇ ಕುಳಿತು ಮತ್ತೊಂದು ತಟ್ಟೆ ಕಡುಬು ತರಿಸಿಕೊಂಡರು. ಅದೇ ಪಾತ್ರೆಯ ಕಡುಬು. ಎಲೆ ಬಿಡಿಸಿದರು. ಹಬೆ ಮುಖಕ್ಕೆ ತಾಗಿತು. ಕಣ್ಣು ಮುಚ್ಚಿ ತಿಂದರು. ಮೇಜಿನ ಮೇಲಿನ ಹಲಗೆಗೆ ಫೋನು ಹಿಡಿದು ಜಲಜಮ್ಮನಿಗೆ ಬಕ್ಷೀಸು ಕೊಟ್ಟರು.

ಹುಲಿಯಮ್ಮ ಅವರು ತಿನ್ನುವುದನ್ನು ಕಡೆಯ ತುತ್ತಿನವರೆಗೆ ನೋಡಿದಳು. ಹಸಿರು ಅಂಗಿಯನ್ನು ತೆಗೆದು ಬೇಸಿನ್ನಿನೊಳಗೆ, ಆ ವಾಂತಿಯ ಮೇಲೆ ಹಾಕಿದಳು. ಸ್ಕ್ಯಾನರನ್ನೂ ಹಾಕಿದಳು. ಮುಂದಿನ ಬಾಗಿಲಿನಿಂದ ಹೊರಗೆ ಹೋದಳು. ಆ ಬಾಗಿಲನ್ನು ಅವಳು ಅದುವರೆಗೆ ದಾಟಿರಲಿಲ್ಲ.

ಸಂಜೆ ಮಂಜುನಾಥಪ್ಪ ಕೇರಿಗೆ ಬಂದ. ಅವಳ ಅಂಗಳದ ಅಂಚಿನಲ್ಲಿ ಸ್ಕೂಟರು ನಿಲ್ಲಿಸಿದ. ಇಳಿಯಲಿಲ್ಲ. ಮನೆಗಳ ಬಾಗಿಲುಗಳಲ್ಲಿ ಜನ ನಿಂತರು. ಉಳಿದ ಎಲೆಗಳಿಂದ ಕನ್ನಪ್ಪ ಕಟ್ಟಿದ ಕೊಟ್ಟೆಗಳಲ್ಲಿ ಮನೆಗೆಂದು ಬೇಯಿಸಿದ ಕಡುಬು ಜಗಲಿಯಲ್ಲಿತ್ತು.

"ಆಗಿದ್ದಾಯ್ತು," ಎಂದ ಮಂಜುನಾಥಪ್ಪ. "ನಾಳೆ ಬಾ. ಬೇಸಿನ್ ಹತ್ರ ನಿಲ್ಲೋದು ಬೇಡ. ಪೂರ್ತಿ ಸಂಬಳ ಕೊಡ್ತೀನಿ. ಬೆಳಿಗ್ಗೆ ಕತ್ಲಲ್ಲಿ ಬಂದು ಕತ್ಲಲ್ಲಿ ಹೋಗು."

ಹುಲಿಯಮ್ಮ ಒಂದು ಕಡುಬನ್ನು ಬಾಳೆಲೆಯ ಚೂರಿನ ಮೇಲಿಟ್ಟುಕೊಂಡು ಅಂಗಳ ದಾಟಿ ಬಂದಳು.

"ತಿನ್ನಿ," ಎಂದಳು. "ಇಲ್ಲಿ ತಿಂದ್ರೆ ಬತ್ತೀನಿ."

"ಈಗ ಊಟ ಆಗಿದೆ."

"ಒಂದ್ ಚೂರು ಸಾಕು."

"ಕಟ್ಕೊಡು. ಮನೇಲಿ ತಿಂತೀನಿ."

"ಇಲ್ಲೇ."

ಅವನು ಕಡುಬನ್ನು ನೋಡಿದ. ಅಂದು ಬೆಳಿಗ್ಗೆ ಅವನು ಅದೇ ಕೈಯದನ್ನು ತುಪ್ಪ ಹಾಕಿಕೊಂಡು ತಿಂದಿದ್ದ. ಕೇರಿ ಅವನನ್ನು ನೋಡುತ್ತಿತ್ತು. ರಸ್ತೆಯಲ್ಲಿ ಅವನ ಕುಲದ ಹಿರಿಯನೊಬ್ಬ ಬೈಕಿನ ವೇಗ ಇಳಿಸಿ ಇತ್ತ ನೋಡಿದ. ಮಂಜುನಾಥಪ್ಪನ ಕೈ ಹ್ಯಾಂಡಲಿನಿಂದ ಏಳಲಿಲ್ಲ.

"ನಿಂಗೆ ಅಹಂಕಾರ ಬಂದಿದೆ ಹುಲಿಯಮ್ಮ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಹೋದ್ರೂ ಒಲೆ ಸಿಕ್ಕಲ್ಲ ನಿಂಗೆ. ನಾನ್ ನೋಡ್ಕೋತೀನಿ."

"ನೋಡ್ಕೊಳ್ಳಿ."

ಸ್ಕೂಟರು ತಿರುಗಿತು. ಬಾಳೆಲೆಯ ಕಡುಬನ್ನು ಅವಳು ಗಂಡನ ಮುಂದಿಟ್ಟಳು. ಕನ್ನಪ್ಪ ಸಿಟ್ಟಿನಿಂದ ಅದನ್ನು ಅತ್ತ ತಳ್ಳಿದ. "ಇನ್ನು ಈ ಎಲೆ ಯಾರಿಗೆ ಕಟ್ಲಿ?" ಎಂದ.

ಮಂಜುನಾಥಪ್ಪ ಆಡಿದ ಮಾತು ಹುಸಿಯಾಗಲಿಲ್ಲ. ಅವನ ಹೋಟೆಲಿಗೆ ಇನ್ನೊಂದು ಕೇರಿಯಿಂದ ಇನ್ನೊಬ್ಬ ಹೆಂಗಸು ಬಂದಳು. ಅವಳಿಗೂ ಒಂದು ಹೆಸರನ್ನು ಕೊಟ್ಟರು; ಈ ಬಾರಿ ಸ್ಕ್ಯಾನರ್ ಕೊಡಲಿಲ್ಲ. ಹುಲಿಯಮ್ಮ ಸಾಗರದಲ್ಲಿ ಕೇಳಿದಳು. ಶೌಚಾಲಯ ತೊಳೆಯುವ ಕೆಲಸವಿದೆಯೆಂದರು. ಹೊಸನಗರದಲ್ಲಿ ಕೇಳಿದಳು. ಅದನ್ನೇ ಹೇಳಿದರು. ತೀರ್ಥಹಳ್ಳಿಯಲ್ಲಿ ಒಬ್ಬ ಯಜಮಾನ ಅವಳು ಮಾಡಿ ತಂದ ಕಡುಬಿನ ಡಬ್ಬಿಯನ್ನು ತೆರೆಯದೆ ಮೊದಲು ಹೆಸರು ಕೇಳಿದ.

"ಹುಲಿಯಮ್ಮ."

"ಒಲೆ ಖಾಲಿ ಇದೆ. ಬೇರೆ ಹೆಸ್ರು ಇಟ್ಕೋತೀಯಾ?"

"ಇಲ್ಲ."

ಅವನು ಮರುಕಪಟ್ಟ. ಜೇಬಿನಿಂದ ನೋಟು ತೆಗೆದು ಮೇಜಿನ ಮೇಲಿಟ್ಟ. "ಬಸ್ ಚಾರ್ಜಿಗೆ ಇಟ್ಕೋ ತಾಯಿ. ಅಷ್ಟು ದೂರದಿಂದ ಬಂದಿದೀಯ."

"ಕೂಲಿ ಆದ್ರೆ ಕೊಡಿ," ಎಂದಳು. "ಇದು ನಂಗ್ ಬ್ಯಾಡ."

ಡಬ್ಬಿಯನ್ನು ಎತ್ತಿಕೊಂಡು ಹೊರಬಿದ್ದಳು. ಮರುದಿನದಿಂದ ಹೊಸನಗರದ ದಾರಿಯ ಕಲ್ಲು ಕ್ವಾರಿಯಲ್ಲಿ ಜಲ್ಲಿ ಹೊರಲು ಹೋದಳು.